ಹದಿನೇಳು ಸೀರೆಯಾಚೆಯ ದಡ

ನಮ್ಮ ಮನೆಯ ಮುಂಬಾಗಿಲ ಹಿಂದೆ ಮೂರು ಕೊಡೆ, ಅತ್ತೆಯವರ ಕಾಲದ ಒಂದು ಊರುಗೋಲು, ಮತ್ತೆ ಒಂದು ಗಾಲ್ಫ್ ಕೋಲು ಒಟ್ಟಿಗೆ ನಿಂತಿವೆ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನು ಆ ಕೊನೆಯದನ್ನು ಎತ್ತಿ, ತಿರುಗಿಸಿ ನೋಡಿ, "ಅಮ್ಮ, ಇದು ನಾಯಿ ಓಡಿಸ್ಲಿಕ್ಕಾ?" ಎಂದು ಕೇಳಿದ. ನನಗೆ ಸಿಟ್ಟು ಬಂತು. ನಾಯಿ ಓಡಿಸಲು ನನ್ನ ಬಾಯಿಯೇ ಸಾಕು ಎಂಬುದು ಬೀದಿಗೆಲ್ಲ ಗೊತ್ತಿರುವ ಸಂಗತಿ. "ಅದನ್ನು ಕೆಳಗಿಡು ಮಾರಾಯ, ಕೈಯೆಲ್ಲ ಗ್ರೀಸು ಉಂಟು" ಎಂದೆ. ಪಾಪ, ಹೆದರಿ ಇಟ್ಟುಬಿಟ್ಟ. ಇವರ, ಅಂದರೆ ನನ್ನ ಯಜಮಾನರ, ಕೋಲುಗಳೆಲ್ಲ ದೊಡ್ಡ ಚೀಲದಲ್ಲಿ ಮಾಳಿಗೆಯ ಮೇಲಿವೆ. ಇದೊಂದು ಮಾತ್ರ ಬಾಗಿಲ ಹಿಂದೆ. ಯಾಕೆಂದರೆ ಇದು ನನ್ನದು, ನಾನೇ ಆರಿಸಿದ್ದು. ಬಂದವರು ಕಂಡು ಕೇಳಲಿ ಎಂಬ ಆಸೆಯಿಂದಲೇ ಅಲ್ಲಿಟ್ಟದ್ದು. ನೀವು ಕೇಳದಿದ್ದರೂ ನಾನು ಹೇಳುವವಳೇ. ಕುಳಿತುಕೊಳ್ಳಿ.

ಕಾಪು ಎಂದರೆ ದೀಪಸ್ತಂಭ, ಮೀನು, ಹೈವೇಯಲ್ಲಿ ಕೈ ತೋರಿಸಿದರೂ ನಿಲ್ಲದೆ ಓಡುವ ಎಕ್ಸ್‌ಪ್ರೆಸ್ ಬಸ್ಸು. ಇಲ್ಲಿಗೆ ಗಾಲ್ಫ್ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮಲ್ಲಿಗೆ ಟೇಪ್‌ರೆಕಾರ್ಡರ್, ಅತ್ತರು, ಕಂಬಳಿ, ಹಾಲಿನ ಪುಡಿ ಎಲ್ಲ ಎಲ್ಲಿಂದ ಬಂತೋ ಇದೂ ಅಲ್ಲಿಂದಲೇ ಬಂತು. ಇವರು ಅರ್ಧ ಆಯುಸ್ಸನ್ನು ಮಸ್ಕತ್ತಿನಲ್ಲಿ ಕಳೆದವರು. ಅಲ್ಲಿ ಆಗ ಹುಲ್ಲಿನ ಮೈದಾನ ಇರಲಿಲ್ಲವಂತೆ, ಮರಳಿನಲ್ಲೇ ಆಟ. ಪ್ಲಾಸ್ಟಿಕ್ ಹುಲ್ಲಿನ ಒಂದು ಸಣ್ಣ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುವುದು, ಚೆಂಡು ಬಿದ್ದಲ್ಲಿ ಚಾಪೆ ಹಾಸುವುದು, ಅದರ ಮೇಲೆ ಚೆಂಡಿಟ್ಟು ಹೊಡೆಯುವುದು, ಮತ್ತೆ ಚಾಪೆ ಸುತ್ತಿಕೊಂಡು ನಡೆಯುವುದು. ರಜೆಯಲ್ಲಿ ಊರಿಗೆ ಬಂದಾಗ ಇವರು ಇದನ್ನೆಲ್ಲ ವರ್ಣಿಸಿದರೆ ನನ್ನ ತಮ್ಮ, "ಭಾವ, ಇದು ನಮ್ಮ ಮಕ್ಕಳಾಟದ ಕುಟ್ಟಿದೊಣ್ಣೆಯೇ ಅಲ್ವಾ, ಚಾಪೆ ಮಾತ್ರ ಜಾಸ್ತಿ" ಎಂದು ಹೇಳಿ ಎದ್ದುಹೋಗುತ್ತಿದ್ದ.

ಆ ವರ್ಷಗಳಲ್ಲೆಲ್ಲ ನಾನು ನಿಟ್ಟೆಯ ಕಡೆ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದೆ. ವಾರ್ಡನ್ ಎಂದರೆ ನಿಮಗೆ ಯಾವ ಚಿತ್ರ ಬರುತ್ತದೋ ನಾನು ಅದೇ, ಸಂಶಯ ಬೇಡ. ಹುಡುಗಿಯರು ನನಗೆ ಇಟ್ಟಿದ್ದ ಅಡ್ಡಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಇವರು ಮಸ್ಕತ್ತು ಬಿಟ್ಟು ಬಂದರು, ನಾನು ಹಾಸ್ಟೆಲು ಬಿಟ್ಟು ಬಂದೆ. ಅಷ್ಟು ವರ್ಷ ವರ್ಷಕ್ಕೊಂದು ತಿಂಗಳು ಮಾತ್ರ ಪ್ರೀತಿಯಿಂದ ಇದ್ದ ಇಬ್ಬರು ಇಡೀ ದಿನ ಒಂದೇ ಸೂರಿನಡಿ ಸೇರಿದೆವು. ಮೊದಲ ವಾರದಲ್ಲೇ ಇವರು ನನ್ನ ಅಡುಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿದರು. ಎರಡನೆಯ ವಾರ ನಾನು ಇವರಿಗೆ, ಸಂಜೆ ಆರೂವರೆಯ ಒಳಗೆ ಮನೆಗೆ ಬರಬೇಕು ಎಂದು ಹೇಳಿದೆ. ಬಾಯಿತಪ್ಪಿ ಅಲ್ಲ, ಅಭ್ಯಾಸಬಲ.

ನಮ್ಮ ದಾಂಪತ್ಯವನ್ನು ಉಳಿಸಿದವನು ಸುಧಾಕರ. ಇವರ ಮಸ್ಕತ್ತಿನ ಗೆಳೆಯ, ಇವರಿಗಿಂತ ಹತ್ತು ವರ್ಷ ಚಿಕ್ಕವನು. ಕಾರ್ಕಳದ ಹತ್ತಿರ ಅವನಿಗೊಂದು ಗೇರುಗುಡ್ಡೆ ಇತ್ತು. ಗೇರುಮರಗಳು ಮುದಿಯಾಗಿ ಫಲ ಬಿಡುವುದನ್ನು ನಿಲ್ಲಿಸಿದ ಮೇಲೆ ಅವನು ಗುಡ್ಡೆಯನ್ನು ಸವರಿ ಆರು ಕುಳಿಗಳ ಒಂದು ಪುಟ್ಟ ಗಾಲ್ಫ್ ಮೈದಾನ ಮಾಡಿದ. ಊರವರು ತಲೆ ಕೆಟ್ಟಿದೆ ಎಂದರು. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಸುಧಾಕರ, ಇವರು, ಮಣಿಪಾಲದಿಂದ ನಿವೃತ್ತರಾದ ಮಂಡಿನೋವಿರುವ ಒಬ್ಬರು ಡಾಕ್ಟರು, ಹೀಗೆ ಮೂವರ ಆಟ. ಬೆಳಿಗ್ಗೆ ಹೋದ ಇವರು ಸಂಜೆ ಆರೂವರೆಯ ಒಳಗಾದರೂ ಮನೆಗೆ ಬರುತ್ತಾರೋ ಎಂದು ನೋಡಿಕೊಳ್ಳಲು ನಾನೂ ಕಾರಿನಲ್ಲಿ ಹೋಗತೊಡಗಿದೆ. ಒಂದು ದಿನ ಕುಳಿತು ಕುಳಿತು ಬೇಸರವಾಗಿ, "ಕೊಡಿ ಇಲ್ಲಿ, ಅದೆಂತ ಬ್ರಹ್ಮವಿದ್ಯೆಯಾ ನೋಡುವ" ಎಂದು ಕೋಲು ತೆಗೆದುಕೊಂಡೆ. ಚೆಂಡು ಟಣ್ಣನೆ ಹಾರಿತು. ಆಹಾ! ನಲವತ್ತು ವರ್ಷ ಬಾಯಿಯಿಂದ ಬೈದು ಸಿಗದ ಸಮಾಧಾನ ಆ ಒಂದು ಟಣ್ ಎಂಬ ಶಬ್ದದಲ್ಲಿ ಸಿಕ್ಕಿತು. ಅಂದಿನಿಂದ ಆಟಕ್ಕೆ ನಾಲ್ವರಾದೆವು.

ನಾನು ಹೇಳಹೊರಟದ್ದು ಐದನೆಯ ಕುಳಿಯ ವಿಷಯ. ಅಲ್ಲಿ ಆಡುವವರ ಎದುರಿಗೆ ಹಳೆಯ ಕೆಂಪುಕಲ್ಲಿನ ಕೋರೆ. ಕಲ್ಲು ಕಡಿದು ಬಿಟ್ಟ ಹೊಂಡದಲ್ಲಿ ಮಳೆನೀರು ತುಂಬಿ ಅದೀಗ ಕೆರೆಯೇ ಆಗಿದೆ. ಹೊಡೆಯುವ ಜಾಗ ತೋರಿಸುವ ಬಿಳಿ ಗೂಟದ ಹತ್ತಿರ ನಿಂತು ಚೆಂಡನ್ನು ಆ ನೀರಿನ ಮೇಲಿಂದ ಹಾರಿಸಿ ಆಚೆ ದಡ ಮುಟ್ಟಿಸಬೇಕು. ಆಚೆ ದಡದಲ್ಲಿ ಒಂದು ತುಂಡು ಹುಲ್ಲು, ಅಲ್ಲಿ ಕುಳಿ. ಹುಲ್ಲು ಮುಗಿದ ಕೂಡಲೇ ಬೇಲಿ, ಬೇಲಿಯಾಚೆ ಲಿಲ್ಲಿ ಬಾಯಿಯ ಮಲ್ಲಿಗೆ ತೋಟ. ನೀರು ದಾಟಲು ನೂರಕ್ಕೆ ಚೂರು ಹೆಚ್ಚು ಗಜ ಬೇಕು ಎಂದು ಗಂಡಸರು ಹೇಳುತ್ತಿದ್ದರು. ಗಜ ಎಂದರೆ ಅವರಿಗೆ ಗಾಲ್ಫ್. ನನಗೆ ಗಜ ಎಂದರೆ ಸೀರೆ. ಆರು ಗಜಕ್ಕೆ ಒಂದು ಸೀರೆಯಂತೆ ಹದಿನೇಳು ಸೀರೆಯನ್ನು ಉದ್ದಕ್ಕೆ ಹಾಸಿದರೆ ಆಚೆ ದಡ. ಹೀಗೆ ಲೆಕ್ಕ ಹಾಕಿದ ಮೇಲೆ ನನಗೆ ಆ ಕೋರೆಯ ಭಯ ಅರ್ಧ ಹೋಯಿತು. ಹದಿನೇಳು ಸೀರೆ ನನ್ನ ಒಂದು ಕಪಾಟಿನ ಒಂದು ಅಂತಸ್ತಿನಲ್ಲೇ ಉಂಟು.

ಭಯ ಹೋದರೂ ಚೆಂಡು ಹೋಗಬೇಕಲ್ಲ. ನನ್ನ ಹತ್ತಿರ ಇದ್ದದ್ದು ಇವರು ಬಿಟ್ಟುಕೊಟ್ಟ ಎರಡು ಕೋಲು. ಒಂದು ಐರನ್, ಕಬ್ಬಿಣದ ತೆಳ್ಳನೆಯ ಮೂತಿಯದು. ಇನ್ನೊಂದು ವುಡ್, ದಪ್ಪ ತಲೆಯದು. ಹೆಸರಿಗೆ ಮರ, ಈಗ ಅದೂ ಲೋಹವೇ. ಐರನ್ನಿನಲ್ಲಿ ಹೊಡೆದರೆ ಚೆಂಡು ಚಂದವಾಗಿ ಎದ್ದು ನೀರಿನ ನಡುವೆ ಡುಬುಕ್. ವುಡ್ಡಿನಲ್ಲಿ ಹೊಡೆದರೆ ಕೆಲವೊಮ್ಮೆ ಡುಬುಕ್, ಕೆಲವೊಮ್ಮೆ ನೀರನ್ನು ಚಪ್ಪರಿಸಿ, ಕಲ್ಲಿನ ಅಂಚಿಗೆ ಬಡಿದು, ಹುಲ್ಲಿನ ಮೇಲೆ ದಡದಡನೆ ಓಡಿ ಬೇಲಿಯ ಅಡಿಯಿಂದ ನುಸುಳಿ ಮಲ್ಲಿಗೆ ತೋಟಕ್ಕೆ.

"ನೋಡು, ಇದಕ್ಕೆ ಗ್ಯಾಪ್ ಅಂತ ಹೇಳುದು" ಎಂದರು ಇವರು. "ಒಂದು ಕೋಲು ಕಡಿಮೆ ಬೀಳ್ತದೆ, ಒಂದು ಜಾಸ್ತಿ ಓಡ್ತದೆ. ನಡುವೆ ಒಂದು ಬೇಕು."

ಈ ನಡುವಿನ ಕಷ್ಟ ನನಗೆ ಹೊಸದಲ್ಲ. ಉದ್ಯಾವರದ ನನ್ನ ತವರಿನಲ್ಲಿ ಹಣ್ಣು ಕೊಯ್ಯಲು ಎರಡು ದೋಟಿಗಳಿದ್ದವು. ಗಿಡ್ಡ ದೋಟಿ ನಮ್ಮ ಕೈಗೆ ಹಗುರ, ಆದರೆ ಪೇರಳೆಗೇ ಎಟುಕದು. ಉದ್ದ ದೋಟಿ ಎಷ್ಟು ಉದ್ದವೆಂದರೆ ಅದನ್ನು ನೆಟ್ಟಗೆ ನಿಲ್ಲಿಸುವಷ್ಟರಲ್ಲಿ ಅದು ನಮ್ಮನ್ನೇ ಎಳೆದುಕೊಂಡು ಹೋಗಿ ಪಕ್ಕದ ಮನೆಯ ಹಂಚಿನ ಮೇಲೆ ಮಲಗುತ್ತಿತ್ತು. ಒಳ್ಳೆಯ ಹಣ್ಣು ಯಾವಾಗಲೂ ಈ ಎರಡು ದೋಟಿಗಳ ನಡುವಿನ ಎತ್ತರದಲ್ಲೇ ಬಿಡುತ್ತಿತ್ತು. ನಮ್ಮ ಅಮ್ಮ ಅದನ್ನು ನೋಡಿ, "ಅದು ಬಾವಲಿಯ ಪಾಲು ಬಿಡಿ" ಎಂದು ಒಳಗೆ ಹೋಗುತ್ತಿದ್ದರು. ನನಗೆ ಮಾತ್ರ ಬಾವಲಿಯ ಮೇಲೆ ಆ ಕಾಲದಿಂದಲೇ ಹೊಟ್ಟೆಕಿಚ್ಚು.

ಹಾಗಾಗಿ ನಡುವಿನ ಕೋಲು ಬೇಕು ಎಂಬುದನ್ನು ನಾನು ಕೂಡಲೇ ಒಪ್ಪಿದೆ. ಅದಕ್ಕೆ ಹೈಬ್ರಿಡ್ ಎನ್ನುತ್ತಾರೆ. ಐರನ್ನಿನ ಹಿಡಿತ, ವುಡ್ಡಿನ ಹೊಟ್ಟೆ. ಉದ್ದ ತಳಿಯನ್ನೂ ಗಿಡ್ಡ ತಳಿಯನ್ನೂ ಕೂಡಿಸಿ ಮಾಡಿದ ತೆಂಗಿನ ಸಸಿ ನರ್ಸರಿಗಳಲ್ಲಿ ಸಿಗುತ್ತದಲ್ಲ, ಹಾಗೆ. ಇದರಲ್ಲೂ ಮೂರು ನಂಬರ್, ನಾಲ್ಕು, ಐದು ಎಂದೆಲ್ಲ ಉಂಟು. ನಂಬರು ಸಣ್ಣದಾದಷ್ಟೂ ಚೆಂಡು ದೂರ ಹೋಗುತ್ತದೆ ಎಂದು ಶಾಸ್ತ್ರ. ಇಲ್ಲಿಂದ ನಮ್ಮ ಜಗಳ ಶುರು. ಆದರೆ ಅದಕ್ಕಿಂತ ಮೊದಲು ಗೂಟದ ಕಥೆ ಹೇಳಬೇಕು.

ಒಂದು ಭಾನುವಾರ ನನ್ನ ವುಡ್ಡಿನ ಚೆಂಡು ತೋಟಕ್ಕೆ ನುಗ್ಗಿದಾಗ ಲಿಲ್ಲಿ ಬಾಯಿ ಅಲ್ಲೇ ಇದ್ದರು. ಮಲ್ಲಿಗೆಯ ಗಿಡ ಮಕ್ಕಳ ಹಾಗೆ. ಒಂದು ಟಿಸಿಲು ಮುರಿದರೆ ಎಷ್ಟು ದಿನದ ಮೊಗ್ಗು ಹೋಯಿತು ಎಂಬುದು ಬೆಳೆದವರಿಗೇ ಗೊತ್ತು. ಅವರು ಚೆಂಡನ್ನೂ ಮುರಿದ ಟಿಸಿಲನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಬೇಲಿಯ ಹತ್ತಿರ ಬಂದರು.

"ಸುಧಾಕರಣ್ಣ, ನಾನು ಗಲಾಟೆಯ ಜನ ಅಲ್ಲ. ಆದ್ರೆ ಇದು ಎಂತ? ಬೆಳಿಗ್ಗೆ ಹೂ ಕೊಯ್ಲಿಕ್ಕೆ ನಾನು ಹೆಲ್ಮೆಟ್ ಹಾಕ್ಬೇಕಾ?"

ನಾನು ಕೈಮುಗಿದು ತಪ್ಪಾಯಿತು ಎಂದೆ. ಅವರೂ ತಣ್ಣಗಾದರು, ನನಗೊಂದು ಮೊಳ ಹೂವನ್ನೂ ಕೊಟ್ಟರು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಮುಂದಿನ ಭಾನುವಾರ ಹೋಗಿ ನೋಡಿದರೆ, ಕೋರೆಯ ಆಚೆ ಬದಿಯಲ್ಲಿ, ನೀರೆಲ್ಲ ಮುಗಿದ ಮೇಲೆ, ಹೊಸತೊಂದು ಗೂಟ. ಗುಲಾಬಿ ಬಣ್ಣ ಬಳಿದದ್ದು.

"ಅಕ್ಕ, ನಿಮಗೋಸ್ಕರ ಹಾಕಿಸಿದ್ದು" ಎಂದ ಸುಧಾಕರ, ಉಡುಗೊರೆ ಕೊಡುವವನ ಮುಖದಲ್ಲಿ. "ಹೆಂಗಸರ ಗೂಟ. ಇನ್ನು ನೀವು ನೀರು ದಾಟಿಸುವ ಕಷ್ಟವೇ ಇಲ್ಲ. ಅಲ್ಲಿಂದ ಮೆಲ್ಲ ಒಂದು ತಟ್ಟಿದ್ರೆ ಆಯ್ತು."

ಬೈದಿದ್ದರೆ ಸಹಿಸುತ್ತಿದ್ದೆ. ಈ ದಯೆ ಇದೆಯಲ್ಲ, ಅದು ಮೈಯೆಲ್ಲ ಉರಿಸಿತು. ಮೂವರು ಗಂಡಸರು ಇಲ್ಲಿಂದ ಗಂಭೀರವಾಗಿ ನೀರಿನ ಮೇಲೆ ಹೊಡೆಯುವುದು, ನಾನು ಸುತ್ತು ಬಳಸಿ ನಡೆದುಕೊಂಡು ಹೋಗಿ, ಆಚೆ ನಿಂತು ಮಕ್ಕಳ ಹಾಗೆ ತಟ್ಟುವುದು! ಅವರ ಚೆಂಡುಗಳೂ ಎಷ್ಟು ಸಲ ನೀರಿಗೆ ಬಿದ್ದಿಲ್ಲ? ಡಾಕ್ಟರದ್ದಂತೂ ತಿಂಗಳಿಗೊಮ್ಮೆ ದಾಟಿದರೆ ಹಬ್ಬ. ಅವರಿಗೆ ಯಾರೂ ಗೂಟ ಹಾಕಲಿಲ್ಲ. ಸಾವಿರಾರು ಹುಡುಗಿಯರನ್ನು ಗೇಟಿನ ಒಳಗೆ ನಿಲ್ಲಿಸಿದವಳಿಗೆ ಒಂದು ಗೂಟಕ್ಕೆ ಇಷ್ಟು ಸಿಟ್ಟು ಬರಬಾರದು ಎಂದು ನೀವು ಹೇಳಬಹುದು. ಬಂತು, ಎಂತ ಮಾಡುವುದು!

"ಸುಧಾಕರ, ಒಂದು ಒಪ್ಪಂದ ಮಾಡುವ" ಎಂದೆ. "ದೀಪಾವಳಿಗೆ ಮುಂಚಿನ ಭಾನುವಾರ, ಬಿಳಿ ಗೂಟದಿಂದ ಒಂದೇ ಒಂದು ಹೊಡೆತ. ಚೆಂಡು ನೀರು ದಾಟಿ ಹುಲ್ಲಿನಲ್ಲಿ ನಿಂತರೆ ನಿನ್ನ ಈ ಗುಲಾಬಿ ಗೂಟ ಕಿತ್ತು ಬಿಸಾಡಬೇಕು."

"ದಾಟದಿದ್ರೆ? ತೋಟಕ್ಕೆ ಹೋದ್ರೆ?"

"ಜೀವಮಾನವಿಡೀ ಆ ಗೂಟದಿಂದಲೇ ಆಡ್ತೇನೆ. ಬಾಯಿ ತೆರೆಯುದಿಲ್ಲ."

"ಬಾಯಿ ತೆರೆಯುದಿಲ್ವಾ?" ಇವರು ಎದ್ದು ನಿಂತರು. "ಸುಧಾಕರ, ಒಪ್ಪಿಕೋ ಮಾರಾಯ, ಬೇಗ ಒಪ್ಪಿಕೋ!"

ಹೀಗೆ ಮಾನ ಪಣಕ್ಕೆ ಬಿತ್ತು. ಇನ್ನು ಕೋಲು ಆರಿಸುವುದು ಹುಡುಗಾಟವಲ್ಲ. ಇವರು ಕಾಗದ ಪೆನ್ನು ಇಲ್ಲದೆಯೇ ತೀರ್ಪು ಕೊಟ್ಟರು: ಮೂರು ನಂಬರ್. "ಕಣ್ಣು ಮುಚ್ಚಿ ಮೂರು ನಂಬರ್ ತಕೋ. ದೂರ ಬೇಕಾದ್ರೆ ಮೂರು. ಐದು ನಂಬರ್ ಅದೆಲ್ಲ ಕೈಲಾಗದವರಿಗೆ." ಇವರಿಗೆ ಈ ಸಣ್ಣ ನಂಬರಿನ ವ್ಯಾಮೋಹ ಹಳೆಯದು. ಮಸ್ಕತ್ತಿನಲ್ಲಿ ಪ್ರಾಯ ಇದ್ದಾಗ ಮೂರು ನಂಬರಿನಲ್ಲಿ ಬೀಸಿದವರು. ಕೈಗೆ ವಯಸ್ಸಾದದ್ದು ಇನ್ನೂ ತಲೆಗೆ ತಿಳಿದಿಲ್ಲ.

ಗಂಡ ಕಣ್ಣು ಮುಚ್ಚಿ ತೆಗೆದುಕೋ ಎಂದದ್ದನ್ನು ಕಣ್ಣು ತೆರೆದು ನೋಡುವುದು ನನ್ನ ಪದ್ಧತಿ. ಒಬ್ಬಳೇ ಬಸ್ಸು ಹತ್ತಿ ಉಡುಪಿಗೆ ಹೋಗಿ, ಅಲ್ಲಿಂದ ಮಣಿಪಾಲದ ಬಸ್ಸು ಹಿಡಿದು ಒಂದು ಕ್ರೀಡಾ ಸಾಮಾನಿನ ಅಂಗಡಿಗೆ ಹೋದೆ. ಗಲ್ಲೆಯಲ್ಲಿ ಕುಳಿತಿದ್ದ ಹೆಂಗಸು ನನ್ನನ್ನು ಕಂಡದ್ದೇ ತಟ್ಟನೆ ಎದ್ದು ನಿಂತು, ಕೈಯಲ್ಲಿದ್ದ ಮೊಬೈಲನ್ನು ಬೆನ್ನ ಹಿಂದೆ ಅಡಗಿಸಿದಳು. ಆ ಅಡಗಿಸುವ ರೀತಿಯಿಂದಲೇ ಗುರುತು ಸಿಕ್ಕಿತು. ಪ್ರತಿಮಾ! ನನ್ನ ಹಾಸ್ಟೆಲಿನವಳು. ಈಗ ಎರಡು ಮಕ್ಕಳ ತಾಯಿ, ಆ ಅಂಗಡಿಯ ಯಜಮಾನಿ.

ಇವಳು ಒಂದು ಮಳೆಗಾಲ ಸಿನಿಮಾಕ್ಕೆಂದು ಕಂಪೌಂಡು ಗೋಡೆ ಹಾರಿದವಳು. ಬೆಳಿಗ್ಗೆ ನಾನು ವಿಚಾರಿಸಿದಾಗ ಎಲ್ಲ ಹುಡುಗಿಯರೂ ತಮ್ಮ ತಮ್ಮ ಮಂಚದಲ್ಲಿ ಪತಿವ್ರತೆಯರ ಹಾಗೆ ಕುಳಿತಿದ್ದರು. ಯಾರು ಎಲ್ಲಿ ಕುಳಿತಿದ್ದಾರೆ ಎಂದು ನಾನು ನೋಡಲಿಲ್ಲ, ಯಾರು ಎಲ್ಲಿ ಬಿದ್ದಿದ್ದಾರೆ ಎಂದು ನೋಡಲು ಗೋಡೆಯ ಹಿಂದೆ ಹೋದೆ. ಕೆಸರಿನಲ್ಲಿ ಎರಡು ಹಿಮ್ಮಡಿಯ ಗುಂಡಿಗಳು, ಎಡಗಡೆಯದ್ದು ಆಳ. ಎಡಗಾಲು ಕುಂಟುತ್ತಿದ್ದವಳು ಇವಳೊಬ್ಬಳೇ.

"ಮೇಡಂ, ನೀವಾ! ಕೂತ್ಕೊಳ್ಳಿ ಮೇಡಂ" ಎಂದು ಕುರ್ಚಿ ತಂದಳು. ನಾನು ಹೈಬ್ರಿಡ್ ತೋರಿಸು ಎಂದಾಗ ಅವಳ ಮುಖ ಸಣ್ಣದಾಯಿತು. "ಮೇಡಂ, ಬೆಳಿಗ್ಗೆ ಕಾಪುವಿನಿಂದ ಒಬ್ಬರು ಸರ್ ಫೋನ್ ಮಾಡಿದ್ರು. ಒಬ್ಬರು ಹೆಂಗಸು ಬರ್ತಾರೆ, ಅವರು ಎಂತ ಕೇಳಿದ್ರೂ ಮೂರು ನಂಬರೇ ಕೊಡಿ ಅಂತ. ಅದು ನೀವು ಅಂತ ನನಗೆ ಗೊತ್ತಿಲ್ಲ, ದೇವರಾಣೆ."

"ಮೂರೂ ಕೊಡು, ಐದೂ ಕೊಡು" ಎಂದೆ. "ಎರಡನ್ನೂ ಮನೆಗೆ ಕೊಂಡೋಗ್ತೇನೆ. ನೋಡಿ ಒಂದು ವಾಪಸ್ ತರ್ತೇನೆ."

ಉಡುಪಿಯ ಸೀರೆ ಅಂಗಡಿಗಳಲ್ಲಿ ಪರಿಚಯದ ಮನೆಯವರಿಗೆ ಈ ಸೌಕರ್ಯ ಉಂಟು. ನಾಲ್ಕು ಸೀರೆ ಮನೆಗೆ ಒಯ್ದು, ಬೆಳಕಿನಲ್ಲಿ ಬಿಡಿಸಿ, ಅತ್ತೆ ನಾದಿನಿಯರಿಗೆಲ್ಲ ತೋರಿಸಿ, ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಮಡಿಕೆ ಕೆಡದಂತೆ ತಿರುಗಿ ಕೊಡುವುದು. ಗಾಲ್ಫ್ ಕೋಲನ್ನು ಹಾಗೆ ಕೇಳಿದವಳು ಲೋಕದಲ್ಲೇ ನಾನೊಬ್ಬಳು ಇರಬೇಕು. ಅಂಗಡಿಯ ಕೆಲಸದವರು ಮುಖಮುಖ ನೋಡಿಕೊಂಡರು. ಪ್ರತಿಮಾ ಮಾತ್ರ ತುಟಿ ಪಿಟಕ್ಕೆನ್ನದೆ ಎರಡನ್ನೂ ಕಟ್ಟಿಕೊಟ್ಟಳು. ವಾರ್ಡನ್ ಗಿರಿಗೆ ಪಿಂಚಣಿ ಇಲ್ಲ ಎಂದು ಯಾರು ಹೇಳಿದ್ದು?

ಸೀರೆಯನ್ನಾದರೆ ಬೆಳಕಿನಲ್ಲಿ ಬಿಡಿಸಿ ನೋಡಬಹುದು. ಕೋಲನ್ನು ನೋಡುವುದು ಎಲ್ಲಿ? ಮರುದಿನ ಬೆಳಿಗ್ಗೆ ನಾನು ನಾಲ್ಕು ಕೋಲು, ಒಂದು ಚೀಲ ಚೆಂಡು, ಬಟ್ಟೆ ಒಣಹಾಕುವ ನೈಲಾನ್ ಹಗ್ಗದಿಂದ ಒಂದು ಸೀರೆಯಳತೆಗೆ ಕತ್ತರಿಸಿದ ತುಂಡು, ಇಷ್ಟನ್ನು ಹೊತ್ತುಕೊಂಡು ಕಡಲ ಬದಿಗೆ ನಡೆದೆ. ದೀಪಸ್ತಂಭದಿಂದ ಸಾಕಷ್ಟು ದೂರ, ಜನ ಇಲ್ಲದ ಕಡೆ. ಇಳಿತದ ಹೊತ್ತು, ನೀರು ಹಿಂದೆ ಸರಿದು ಮರಳು ಒದ್ದೆಯಾಗಿ, ಗಟ್ಟಿಯಾಗಿ, ಆಗಷ್ಟೇ ಸಾರಿಸಿದ ಅಂಗಳದ ಹಾಗೆ ಬಿದ್ದುಕೊಂಡಿತ್ತು.

ಮೊದಲು ಹಳೆಯ ಎರಡು ಕೋಲಿನಿಂದ ಹೊಡೆದೆ. ವುಡ್ಡಿನ ಚೆಂಡು ಎಲ್ಲಿಗೋ ಹೋಗಿ ನಿಂತಿತು. ಹಗ್ಗ ಹಿಡಿದು ಅಳೆದರೆ ಇಪ್ಪತ್ತು ಸೀರೆಗಿಂತಲೂ ಆಚೆ. ಇವರು ಹೇಳಿದ್ದು ಸರಿ, ವುಡ್ಡು ಜಾಸ್ತಿ ಹೋಗುತ್ತದೆ ಎಂದು ಒಪ್ಪಿಕೊಂಡು ತಿರುಗಿ ಬರುತ್ತಿದ್ದೆ. ದಾರಿಯಲ್ಲಿ ಒದ್ದೆ ಮರಳಿನ ಮೇಲೆ ಒಂದು ಗುಂಡಿ ಕಂಡಿತು. ಏಡಿಯ ಬಿಲ ಎಂದುಕೊಂಡೆ. ಆದರೆ ಏಡಿಯ ಬಿಲದ ಸುತ್ತ ಸಾಬಕ್ಕಿಯಂಥ ಮರಳಿನ ಉಂಡೆಗಳಿರುತ್ತವೆ, ಇದಕ್ಕೆ ಇರಲಿಲ್ಲ. ಬಟ್ಟಲಿನಂಥ ಗುಂಡಿ, ಅದರ ಮುಂದೆ ಒಂದು ಉದ್ದ ಗೀರು, ಆ ಗೀರಿನ ಕೊನೆಗೆ ನನ್ನ ಚೆಂಡು ಉರುಳಿಹೋದ ಜಾಡು.

ನಾನು ಅಲ್ಲೇ ನಿಂತುಬಿಟ್ಟೆ. ಗೋಡೆಯ ಹಿಂದಿನ ಕೆಸರು ನೆನಪಾಯಿತು. ಎಲ್ಲಿ ಕುಳಿತಿದ್ದಾಳೆ ಎಂದಲ್ಲ ಮಾರಾಯ್ತಿ, ಎಲ್ಲಿ ಬಿದ್ದಿದ್ದಾಳೆ! ಕೋರೆಯ ನೀರಿಗೆ ಚೆಂಡು ಎಲ್ಲಿ ನಿಲ್ಲುತ್ತದೆ ಎಂಬುದರಿಂದ ಎಂತ ಆಗಬೇಕು? ಅದು ಮೊದಲು ಎಲ್ಲಿ ಬೀಳುತ್ತದೆ ಎಂಬುದೇ ಲೆಕ್ಕ. ಹಗ್ಗ ಹಿಡಿದು ಆ ಗುಂಡಿಗೆ ಅಳೆದೆ. ಹದಿನಾಲ್ಕು ಸೀರೆ! ಐರನ್ನಿನ ಗುಂಡಿ ಎಲ್ಲಿ ಎಂದು ಹುಡುಕಿ ಅಳೆದೆ. ಅದೂ ಹದಿನಾಲ್ಕು ಸೀರೆ, ಸೆರಗು ಹೆಚ್ಚುಕಡಿಮೆ. ಅಂದರೆ ನನ್ನ ಎರಡು ಕೋಲುಗಳ ನಡುವೆ ಗ್ಯಾಪೂ ಇಲ್ಲ, ಗೀಪೂ ಇಲ್ಲ. ಎರಡೂ ಬೀಳುವುದು ನೀರಿನಲ್ಲೇ, ಒಂದೇ ಜಾಗದಲ್ಲಿ. ವುಡ್ಡಿನ ಚೆಂಡು ತಗ್ಗಿನಲ್ಲಿ ಬಂದು ನೀರನ್ನು ಚಪ್ಪರಿಸಿ ಮೇಲೇಳುತ್ತಿತ್ತು, ಅಷ್ಟೇ. ಚಿಕ್ಕಂದಿನಲ್ಲಿ ಉದ್ಯಾವರದ ಹೊಳೆಯಲ್ಲಿ ನಾನೂ ನನ್ನ ತಮ್ಮನೂ ಬಿಲ್ಲೆಕಲ್ಲು ಎಸೆದು ನೀರಿನ ಮೇಲೆ ಕುಪ್ಪಳಿಸುವಂತೆ ಮಾಡುತ್ತಿದ್ದೆವಲ್ಲ, ಅದೇ ವಿದ್ಯೆ. ಗ್ಯಾಪು ಇದ್ದದ್ದು ಎರಡು ಕೋಲಿನ ನಡುವೆ ಅಲ್ಲ, ಎರಡು ಕೋಲಿನ ಮುಂದೆ.

ಈಗ ಹೊಸ ಕೋಲು. ಮೂರು ನಂಬರಿನಲ್ಲಿ ಹೊಡೆದೆ. ಚೆಂಡು ತಗ್ಗಿನಲ್ಲೇ ಹಾರಿತು, ಗುಂಡಿ ಹದಿನೈದರ ಹತ್ತಿರ, ಆಮೇಲೆ ಬರೀ ಓಟ. ಅದರ ಮೂತಿ ನೆಟ್ಟಗಿನದು, ಚೆಂಡನ್ನು ಎತ್ತಬೇಕಾದರೆ ಕೈಯಲ್ಲಿ ಬೀಸು ಬೇಕು. ನನ್ನ ಕೈಯಲ್ಲಿ ಅಷ್ಟು ಬೀಸು ಇಲ್ಲ, ಸುಳ್ಳು ಯಾಕೆ? ಐದು ನಂಬರಿನ ಮೂತಿ ಮಲಗಿದಂತೆ ಓರೆ. ಅದರಲ್ಲಿ ಹೊಡೆದೆ. ಟಣ್! ಚೆಂಡು ಮೇಲೆ ಎದ್ದಿತು, ಎದ್ದೇ ಎದ್ದಿತು, ಒಂದು ಗಿಡುಗ ಹೆದರಿ ಪಕ್ಕಕ್ಕೆ ಸರಿಯಿತು, ಆಮೇಲೆ ಇಳಿಯಿತು. ಗುಂಡಿಯ ಹತ್ತಿರ ಓಡಿದೆ. ಈ ಮಂಡಿಯಲ್ಲಿ ಓಡಿದೆ ಎಂದರೆ ನೀವು ನಂಬಬೇಕು. ಚೆಂಡು ತಾನು ಮಾಡಿದ ಗುಂಡಿಯಿಂದ ನಾಲ್ಕು ಹೆಜ್ಜೆ ಮುಂದೆ ಹೋಗಿ ಸುಮ್ಮನೆ ಕುಳಿತಿತ್ತು. ಗುಂಡಿ ಹದಿನೆಂಟು ಸೀರೆಗೆ.

ಮತ್ತೆ ಹೊಡೆದೆ, ಮತ್ತೆ ಅಳೆದೆ. ಬಿಸಿಲು ಏರುವವರೆಗೆ ಕಡಲ ಬದಿಯಲ್ಲಿ ಬಗ್ಗಿ ಬಗ್ಗಿ ನಡೆಯುತ್ತಿದ್ದ ನನ್ನನ್ನು ಕಂಡು ಬಲೆ ಎಳೆಯುತ್ತಿದ್ದವರೊಬ್ಬರು ಕೂಗಿ ಕೇಳಿದರು: "ಅಕ್ಕ, ಎಂತ ಹುಡುಕುದು? ಚಿನ್ನ ಬಿದ್ದಿದಾ?"

"ಚಿನ್ನವೇ! ಸಿಕ್ಕಿತು!" ಎಂದು ಕೂಗಿ ಹೇಳಿದೆ.

ಮನೆಗೆ ಬಂದು ಇವರಿಗೆ ಎಲ್ಲ ವಿವರಿಸಿದೆ. ಇವರು ಕಾಫಿ ಕುಡಿಯುತ್ತ ಕೇಳಿ, "ಸೀರೆಯಲ್ಲಿ ಗಾಲ್ಫ್ ಅಳೆದವಳು ನೀನೇ ಮೊದಲು. ಲೋಕವೆಲ್ಲ ಮೂರು ದೂರ ಹೋಗ್ತದೆ ಅಂದ್ರೆ ನಿನಗೆ ಮಾತ್ರ ಐದು ದೂರ ಹೋಗ್ತದಾ?" ಎಂದರು. "ಆ ಮೂರು ನಂಬರನ್ನು ವಾಪಸ್ ಕೊಡ್ಬೇಡ, ನನಗಿರ್ಲಿ. ಅವತ್ತು ನಿನ್ನ ಎದುರೇ ಹೊಡೆದು ತೋರಿಸ್ತೇನೆ." ಆಯುಧಪೂಜೆಯ ದಿನ ಎರಡು ಕೋಲನ್ನೂ ದೇವರ ಕೋಣೆಯಲ್ಲಿ ಪಕ್ಕಪಕ್ಕ ಒರಗಿಸಿ ಗಂಧ ಹಚ್ಚಿದೆ. ಮೂರು ನಂಬರಿಗೆ ಒಂದು ಸೇವಂತಿಗೆ ಇಟ್ಟೆ. ಐದಕ್ಕೆ ಎರಡು.

ಆ ಭಾನುವಾರ ಬಂತು. ಮಳೆಗಾಲ ಮುಗಿದು ಕೋರೆ ದಡದವರೆಗೆ ತುಂಬಿತ್ತು. ಲಿಲ್ಲಿ ಬಾಯಿ ಹೂ ಕೊಯ್ದು, ಕಟ್ಟಿ, ಆ ಹೂವಿನ ಅಟ್ಟೆಗಳನ್ನು ಪೇಟೆಗೆ ಕಳಿಸಿ ಆಗಿ, ಬೇಲಿಯ ಹತ್ತಿರ ಸ್ಟೂಲು ಹಾಕಿಕೊಂಡು ಕುಳಿತಿದ್ದರು. ಸುಧಾಕರ ಮೊದಲು ಹೊಡೆದು ದಾಟಿಸಿದ. ಡಾಕ್ಟರು ಹೊಡೆದರು, ಡುಬುಕ್. "ಮಂಡಿ" ಎಂದು ಹೇಳಿ ಹಿಂದೆ ಬಂದರು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು.

ನಿಜ ಹೇಳುತ್ತೇನೆ, ಹೆದರಿಕೆಯಾಯಿತು. ಅಷ್ಟು ಹೊತ್ತು ನೀರು ಕಾಣುತ್ತಿತ್ತು, ಈಗ ಆಚೆಯ ಗುಲಾಬಿ ಗೂಟ ಒಂದೇ ಕಾಣತೊಡಗಿತು. ಚೆಂಡು ಬಿದ್ದರೆ ಸಾಯುವವರೆಗೆ ಅಲ್ಲಿ ನಿಂತು ತಟ್ಟಬೇಕು, ಬಾಯಿಯನ್ನೂ ಮುಚ್ಚಿಕೊಳ್ಳಬೇಕು. ಸುಧಾಕರ ಮೆಲ್ಲನೆ, "ಅಕ್ಕ, ಬೇಕಾದ್ರೆ ಒಂದು ಸಲ ಸುಮ್ಮನೆ ಬೀಸಿ ನೋಡಿ, ಲೆಕ್ಕಕ್ಕಿಲ್ಲ" ಎಂದ. ಮತ್ತೆ ಆ ದಯೆ! ಒಳ್ಳೆಯದೇ ಆಯಿತು, ಹೆದರಿಕೆ ಹೋಗಿ ಸಿಟ್ಟು ಬಂತು. "ಬೇಡ, ಲೆಕ್ಕಕ್ಕಿರುವುದನ್ನೇ ಹೊಡೀತೇನೆ" ಎಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಹೊಡೆದೆ.

ಟಣ್.

ಚೆಂಡು ಎದ್ದಿತು. ದಡದಲ್ಲಿ ಉಳಿದಿದ್ದ ಒಂದು ಗೇರುಮರದ ತುದಿ ದಾಟಿ ಎದ್ದಿತು. ಕೋರೆಯ ನಡುವೆ ಅದು ನಿಂತೇಬಿಟ್ಟಿತೋ ಎನಿಸಿತು. ಆಮೇಲೆ ಮೆಲ್ಲನೆ ಇಳಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ಡುಬುಕ್ ಎಂಬ ಶಬ್ದಕ್ಕೆ ಕಾದೆ. ಅದು ಬರಲಿಲ್ಲ. ಬಂದದ್ದು ಲಿಲ್ಲಿ ಬಾಯಿಯ ಕೂಗು.

"ಜೆಜೂ! ಬಂತು ಅಕ್ಕ, ಬಂತು! ಹುಲ್ಲಲ್ಲೇ ಉಂಟು! ಗೊಬ್ಬರದ ಮುದ್ದೆಯ ಹಾಗೆ ಕೂತಿದೆ, ಅಲ್ಲಾಡುದಿಲ್ಲ!"

ನಾನು ಎರಡು ಕೈ ಎತ್ತಿ ಕುಣಿದೆ. ಅರವತ್ತೊಂದು ವಯಸ್ಸಿನ ಮಾಜಿ ವಾರ್ಡನ್ ಗುಡ್ಡೆಯ ಮೇಲೆ ಕೋಲು ಹಿಡಿದು ಕುಣಿದಳು ಎಂದು ನೀವು ಯಾರಿಗೆ ಬೇಕಾದರೂ ಹೇಳಿ, ನನಗೆ ನಾಚಿಕೆಯಿಲ್ಲ. ಗೆದ್ದೆ, ಸ್ವಾಮಿ, ಗೆದ್ದೆ! ಆ ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಇವರ ಎದುರಿಗೇ ಹೇಳಿದ್ದೇನೆ.

ಇವರು ಮೂರು ನಂಬರ್ ಹಿಡಿದು ಮುಂದೆ ಬಂದರು. ಕಾಲು ಅಗಲಿಸಿ ನಿಂತರು. ಮಸ್ಕತ್ತಿನ ಮರಳಿನ ಮೇಲೆ ನಿಂತಿದ್ದ ಪ್ರಾಯದ ಗಂಡಸಿನ ಹಾಗೆಯೇ ಬೀಸಿದರು. ಚೆಂಡು ತಗ್ಗಿನಲ್ಲಿ ಹೋಗಿ ಸರಿಯಾಗಿ ಹದಿನೈದನೆಯ ಸೀರೆಯ ಹತ್ತಿರ ನೀರಿಗೆ ಬಿತ್ತು. ಯಾರೂ ನಗಲಿಲ್ಲ. ನಾನು ನನ್ನ ಐದು ನಂಬರನ್ನು ಚಾಚಿದೆ. ಇವರು ಅದನ್ನು ನೋಡಿದರು, ನನ್ನನ್ನು ನೋಡಿದರು. "ಹಿಡಿ ಸಣ್ಣದಾಯ್ತು ಅದು" ಎಂದರು.

ಸುಧಾಕರ ಮಾತಿಗೆ ತಪ್ಪದ ಮನುಷ್ಯ. ಗೂಟ ಕೀಳಲು ಕೋರೆಯನ್ನು ಸುತ್ತುಬಳಸಿ ಆಚೆ ಹೋದ, ನಾವೂ ಹಿಂದೆ ಹೋದೆವು. ಅವನು ಬಗ್ಗಿ ಗೂಟಕ್ಕೆ ಕೈ ಹಾಕಿದ್ದೇ ತಡ, ಡಾಕ್ಟರು ಅವಸರದಲ್ಲಿ ಕುಂಟುತ್ತ ಬಂದು ಅವನ ಭುಜ ಹಿಡಿದರು.

"ಸುಧಾಕರ, ತಡಿ. ಅದು ಇರ್ಲಿ ಅಲ್ಲಿ."

"ಯಾಕೆ ಡಾಕ್ಟ್ರೇ? ಅಕ್ಕ ದಾಟಿಸಿದ್ರಲ್ಲ."

"ಅವರು ದಾಟಿಸಿದ್ರು. ನನ್ನಿಂದ ಆಗುದಿಲ್ಲ ಮಾರಾಯ, ಎರಡು ವರ್ಷದಿಂದ ಹೇಳ್ಲಿಕ್ಕೆ ಮರ್ಯಾದೆ ಬಿಡ್ಲಿಲ್ಲ." ಡಾಕ್ಟರು ಜೇಬಿನಿಂದ ಇನ್ನೊಂದು ಚೆಂಡು ತೆಗೆದು ಗೂಟದ ಪಕ್ಕದಲ್ಲಿ ಇಟ್ಟರು. ಆಮೇಲೆ ಎಲ್ಲರೂ ಇವರ ಕಡೆ ನೋಡಿದೆವು. ಇವರು ಆಕಾಶ ನೋಡಿದರು, ಗೇರುಮರ ನೋಡಿದರು, ಗಂಟಲು ಸರಿಮಾಡಿಕೊಂಡರು.

"ಡಾಕ್ಟ್ರು ಒಬ್ಬರೇ ಆಗ್ತಾರಲ್ಲ ಪಾಪ" ಎಂದರು. "ನಾನೂ ಜೊತೆಗೆ ನಿಲ್ತೇನೆ."

ಅಂದಿನಿಂದ ಬಿಳಿ ಗೂಟದಲ್ಲಿ ನಾನೂ ಸುಧಾಕರನೂ. ಮುಂದಿನ ಗೂಟದಲ್ಲಿ ಡಾಕ್ಟರೂ ಇವರೂ. ಹೋದ ವಾರ ಸುಧಾಕರ ನನ್ನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, "ಅಕ್ಕ, ಅವರಿಬ್ಬರಿಗೆ ಚೂರು ಮುಜುಗರ ಆಗ್ತದೆ ಕಾಣ್ತದೆ. ಗೂಟದ ಬಣ್ಣ ಬದಲಿಸುವಾ? ಮನೆಯಲ್ಲಿ ನೀಲಿ ಪೈಂಟ್ ಉಂಟು" ಎಂದ.

ನಾನು ನೀರಿನಾಚೆ ನೋಡಿದೆ. ಗುಲಾಬಿ ಗೂಟದ ಪಕ್ಕ ಇವರು ಸೊಂಟಕ್ಕೆ ಕೈಯಿಟ್ಟು ಬಗ್ಗಿ, ಬಹಳ ಜಾಗ್ರತೆಯಿಂದ ಚೆಂಡು ಇಡುತ್ತಿದ್ದರು.

"ಎಂತಕ್ಕೆ?" ಎಂದೆ. "ಅವರಿಗೆ ಚಂದ ಒಪ್ತದೆ."